ಹಗ್ಗಕ್ಕೇನು ಕೈ ಇದೆಯೆ?

ಬಾಗಿಲು ಸಾರಿಸಿದ್ದು, ರಾಗಿ ಬೀಸಿದ್ದು, ಹೊಳೆಯಿಂದ ನೀರು ತಂದದ್ದು, ಭೇರ್ಯದ ನನ್ನ ತವರಿನವರು ಮೊನ್ನೆ ಹೊಡೆದುಕೊಂಡು ಬಂದು ಕೊಟ್ಟ ಹಸು ಕರುವನ್ನು ಹಿತ್ತಿಲಲ್ಲಿ ಕಟ್ಟಿದ್ದು. ಈ ಕೆಲಸಗಳ ನಡುವೆ ಇಂದು ಒಂದು ಇಂಗ್ಲಿಷ್ ಕ್ರಿಯಾಪದವನ್ನೂ ಕಲಿತೆ.

ಕಲಿಸಿದವರು ನಮ್ಮ ಯಜಮಾನರು. ಹುಣಸೂರಿನ ವಕೀಲರೊಬ್ಬರ ಬಳಿ ಗುಮಾಸ್ತರು. ಆಗಾಗ ಒಂದೊಂದು ಇಂಗ್ಲಿಷ್ ಮಾತು ಅವರ ಕೋಟಿಗೆ ಅಂಟಿಕೊಂಡು ಮನೆಗೆ ಬರುತ್ತದೆ. ಈ ಸಲ ಬಂದದ್ದು 'ಡಿಸ್‌ಕ್ಲೇಮ್'. ನನ್ನ ಕಿವಿಗೆ ಅದು 'ಕ್ಷೇಮ' ಎಂದೇ ಕೇಳಿಸಿತು. ಕಾಗದದ ಮೊದಲ ಸಾಲಿನಲ್ಲಿ ಬರೆಯುತ್ತೇವಲ್ಲ, 'ನಾವೆಲ್ಲ ಕ್ಷೇಮ' ಎಂದು, ಅದರ ದಾಯಾದಿಯಿರಬೇಕು ಅಂದುಕೊಂಡೆ.

"ಕ್ಷೇಮ ಅಲ್ಲ ಕಣೇ, ಕ್ಲೇಮು. ಇದು ನನ್ನದಲ್ಲ, ಇದರ ಹೊಣೆ ನನಗಿಲ್ಲ ಅನ್ನೋದು" ಎಂದರು. ಹಾಗಾದರೆ ನಾನು ಕೇಳಿಸಿಕೊಂಡದ್ದು ಪೂರ್ತಿ ತಪ್ಪಲ್ಲ. ಜನ ಹಾಗೆನ್ನುವುದು ತಮ್ಮ ಕ್ಷೇಮಕ್ಕೇ ಅಲ್ಲವೆ?

ಇಷ್ಟಕ್ಕೆ ಇಂಗ್ಲಿಷಿನವರಿಗೆ ಬೇರೆಯೇ ಕ್ರಿಯಾಪದ ಏಕೆ ಬೇಕಾಯಿತು ಎಂದು ಹುರುಳಿ ಬೇಯುವವರೆಗೂ ಯೋಚಿಸಿದೆ. ನಮಗೆ 'ಹೋಯಿತು' ಒಂದೇ ಸಾಕು. ಹಾಲು ಉಕ್ಕಿಹೋಯಿತು, ಮಡಕೆ ಒಡೆದುಹೋಯಿತು, ಸಾರು ಸೀದುಹೋಯಿತು. 'ನಾನೇ ಸಾರು ಸೀಯಿಸಿದೆ' ಎಂದ ಗೃಹಿಣಿಯನ್ನು ನಾನಿನ್ನೂ ಕಂಡಿಲ್ಲ, ಕನ್ನಡಿಯಲ್ಲಂತೂ ಕಂಡಿಲ್ಲ.

ಸಂಜೆ ಬಾಗಿಲಲ್ಲಿ ಗಲಾಟೆ. ಹೊಳೆಬದಿಯಲ್ಲಿ ಅವರೆ ಬೆಳೆಯುವ ಪುಟ್ಟಮ್ಮ ನಿಂತಿದ್ದಳು. ಕೈಯಲ್ಲಿ ಹಗ್ಗ, ಹಗ್ಗದ ತುದಿಯಲ್ಲಿ ನಮ್ಮ ಹಸು.

"ಯಾರ್ದು ಸ್ವಾಮಿ ಈ ಅಸ? ಬೇಲಿ ಮುರ್ದು ನನ್ ಅವರೆ ಗಿಡವೆಲ್ಲ ಮೇದಾಕದೆ. ಯಾರ್ದೂ ಅಲ್ದಿದ್ರೆ ದೊಡ್ಡಿಗೆ ಒಡೀತೀನಿ!"

ಜಗಲಿಯಲ್ಲಿ ಪತ್ರಿಕೆ ಓದುತ್ತಿದ್ದ ಯಜಮಾನರು "ನಮ್ಮದಲ್ಲಮ್ಮ" ಎಂದುಬಿಟ್ಟರು. ಬೆಳಗಿನ ಪಾಠದ ಪ್ರಯೋಗ! ಬಾಗಿಲ ಮರೆಯಲ್ಲಿದ್ದ ನನಗೆ ದಿಗಿಲಾಯಿತು. ಅಮಲ್ದಾರರ ಕಚೇರಿ ಹಿಂದಿನ ದೊಡ್ಡಿಗೆ ಸೇರಿದ ದನವನ್ನು ಬೆಳಗಾಗುವವರೆಗೆ ಬಿಡುವುದಿಲ್ಲ. ಹಿತ್ತಿಲಲ್ಲಿ ಇನ್ನೂ ಹುಲ್ಲು ಮುಟ್ಟದ ಕರುವಿದೆ. ಆ ಕರುವೇ ಆಗ ಕೂಗಿತು. ಹಸು ಓಗೊಟ್ಟು, ಪುಟ್ಟಮ್ಮನನ್ನೂ ಎಳೆದುಕೊಂಡು ನಮ್ಮ ಮೆಟ್ಟಿಲೇರಿತು. ಅದಕ್ಕೆ ಇಂಗ್ಲಿಷ್ ಬಾರದು.

"ಅಸ ನಿಮ್ದಲ್ದಿದ್ರೂ ನೀವು ಈ ಅಸುಗೆ ಸೇರ್ದೋರೇ ಕಣ್ ಬುಡಿ ಸ್ವಾಮಿ" ಎಂದಳು ಪುಟ್ಟಮ್ಮ. ಯಜಮಾನರು ಪತ್ರಿಕೆಯನ್ನು ಮುಖದವರೆಗೆ ಏರಿಸಿದರು.

ನಾನೇ ಹೊರಗೆ ಬಂದು, "ಹಗ್ಗ ಬಿಚ್ಚಿಹೋಯ್ತು ಕಣಮ್ಮ" ಎಂದೆ.

"ಅಗ್ಗಕ್ಕೇನ್ ಕೈ ಅದಾ ಯೋಳವ್ವಾ, ತಾನೇ ಬಿಚ್ಕಳಕೆ?"

ನನ್ನ 'ಹೋಯಿತು' ಅಲ್ಲಿಗೆ ಮುಗಿಯಿತು. "ನಾನೇ ಗಂಟು ಸಡಿಲ ಬಿಟ್ಟಿದ್ದೆ. ನಾಳೆ ಬಂದು ನಿಮ್ಮ ಬೇಲಿ ಸರಿಮಾಡಿಕೊಡ್ತೀನಿ."

"ಅಂಗನ್ನು ಮತ್ತೆ! ಗಂಟಾಕಕ್ಕೇ ಬರ್ದೋಳು ಬೇಲಿ ಕಟ್ಟೀಯಾ? ಬ್ಯಾಡ ಬುಡವ್ವ, ಒಂದ್ ಚೊಂಬು ಮಜ್ಜಿಗೆ ಕೊಡು ಸಾಕು. ಮೊದ್ಲು ಕರ ಬುಡೋಗು, ಅಸ್ಕೊಂಡದೆ."

ಊಟಕ್ಕೆ ರಾಗಿಮುದ್ದೆ, ಹುರುಳಿಸಾರು. ಈ ಗಲಾಟೆಯಲ್ಲಿ ಸಾರು ಒಲೆಯ ಮೇಲೇ ಇತ್ತು. "ಸೀದುಹೋಯ್ತೇನೇ?" ಎಂದರು ಯಜಮಾನರು.

"ಇಲ್ಲ, ಸೀಯಿಸಿದೆ" ಎಂದೆ. ಅವರು ಇನ್ನೊಂದು ಸೌಟು ಹಾಕಿಸಿಕೊಂಡರು.

ಮೊದಲು ಮಲಗಿದ್ದು ಕರು, ತಾಯಿಯ ಮಗ್ಗುಲಲ್ಲಿ, ಹೊಟ್ಟೆ ತುಂಬಿ. ನಾವೆಲ್ಲ ಕ್ಷೇಮ.