ದಾರಿಯಲ್ಲಿ ಅಜ್ಜಿ ಏನು ಮಾಡ್ತಾಳೆ?

ಗೌತಮಿ ಟೀಚರ್ ಬಸ್ಸಿನಲ್ಲಿ ಸುಮ್ಮನೆ ಕೂತದ್ದನ್ನು ಹೊಸೂರು–ತಳಿ ದಾರಿಯಲ್ಲಿ ಯಾರೂ ಕಂಡವರಿಲ್ಲ. ಅವಲಪಲ್ಲಿಯ ಮನೆಯಿಂದ ಬೆಳಿಗ್ಗೆ ಹೊರಟು ತಳಿಯ ಹೈಸ್ಕೂಲಿಗೆ ಕನ್ನಡ ಪಾಠ ಹೇಳಲು ಹೋಗುವ ಈ ಹೆಂಗಸಿನ ಮಡಿಲಲ್ಲಿ ಒಂದು ದಿನ ಉತ್ತರಪತ್ರಿಕೆಯ ಕಟ್ಟು ಇರುತ್ತದೆ, ಇನ್ನೊಂದು ದಿನ ಅವರೆಕಾಯಿ ಚೀಲ.

"ಬಸ್ಸಲ್ಲಿ ಸುಮ್ನೆ ತಾನೇ ಕೂತಿರ್ತೀಯ, ಸುಲ್ಕೊಂಡು ಬಂದ್ಬಿಡು" ಎಂದು ಚೀಲ ಕೊಡುವವರು ಅತ್ತೆ ವೆಂಕಟಲಕ್ಷ್ಮಿ. ಗ್ಯಾಸಿಗೆ ಫೋನ್ ಮಾಡುವುದು, ನೆಂಟರ ಮನೆಯ ನಾಮಕರಣಕ್ಕೆ ಬರಲಾಗದು ಎಂದು ನಯವಾಗಿ ತಿಳಿಸುವುದು, ಇವೆಲ್ಲ ಗಂಡ ಅನಂತ್ ಒಪ್ಪಿಸುವ ಬಸ್ಸಿನ ಕೆಲಸಗಳು. ಹೆಡ್‌ಮಾಸ್ಟರ್ ಜಯರಾಮಯ್ಯನವರಂತೂ ಯಾವ ಕಾಗದ ಕೊಟ್ಟರೂ "ದಾರೀಲಿ ಮುಗಿಸಿಬಿಡಿ ಮೇಡಂ" ಎನ್ನದೆ ಕೊಟ್ಟವರಲ್ಲ. ಅವಳ ಪ್ರಯಾಣದ ಹೊತ್ತು ಊರ ಗೋಮಾಳವಿದ್ದ ಹಾಗೆ. ಯಾರು ಬೇಕಾದರೂ ತಮ್ಮ ದನ ಹೊಡೆದುಕೊಂಡು ಬರಬಹುದು. ಎಲ್ಲರಿಗೂ ಗೌತಮಿ "ಆಯ್ತು" ಅನ್ನುತ್ತಿದ್ದಳು. ಒಲ್ಲೆ ಎನ್ನಲೂ ಮೈಯಲ್ಲಿ ಒಂದಿಷ್ಟು ಕಸುವು ಬೇಕಲ್ಲ, ಅದೂ ಅವಳಲ್ಲಿ ಉಳಿದಿರಲಿಲ್ಲ.

ತನ್ನದು ಅಂತ ಅವಳಿಗಿದ್ದದ್ದು ಭಾನುವಾರ ಮಧ್ಯಾಹ್ನದ ಆಟ ಒಂದೇ. ಊಟವಾದ ಮೇಲೆ ತಮ್ಮ ವಸುಧೇಂದ್ರ ಬಣ್ಣಬಣ್ಣದ ದಾಳಗಳ ಚೀಲ ಹಿಡಿದು ಬರುತ್ತಾನೆ. ಮೇಜಿನ ಸುತ್ತ ಕೂತು ಬಾಯಿಮಾತಿನಲ್ಲೇ ಆಡುವ ಆಟ ಅದು. ವಸುಧೇಂದ್ರ ಕಾಡು, ಕೋಟೆ, ರಾಕ್ಷಸರನ್ನು ಕಟ್ಟಿ ಕಥೆ ನಡೆಸುತ್ತಾನೆ. ಉಳಿದವರು ಒಂದೊಂದು ಪಾತ್ರವಾಗಿ ಆ ಕಥೆಯೊಳಗೆ ನಡೆಯುತ್ತಾರೆ. ಗೆಲುವು ಸೋಲು ದಾಳದ ಕೈಯಲ್ಲಿ. ಅನಂತ್ ಯೋಧ. ಅವನ ಫ್ಯಾಕ್ಟರಿಯ ಗೆಳೆಯ, ಜವಳಗಿರಿ ಕಡೆಯ ಉಮಾಶಂಕರ್, ಕಳ್ಳ. ಗೌತಮಿ ಸಿಂಗಾರಜ್ಜಿ ಎಂಬ ಮಂತ್ರವಾದಿ. ಕೈ ಎತ್ತಿದರೆ ಬೆಂಕಿ ಸುರಿಸುವ, ಯಾರಿಗೂ ಸೊಪ್ಪು ಹಾಕದ ಮುದುಕಿ.

ಆದರೆ ಆಟದಲ್ಲೂ ಪ್ರಯಾಣ ಬಂತೋ, ಅದೇ ಹಾಡು. ಯೋಧ ನಡೆಯುತ್ತಾನೆ, ಕಳ್ಳ ನಡೆಯುತ್ತಾನೆ. ಅಜ್ಜಿ ಮಾತ್ರ ಗಾಡಿಯಲ್ಲಿ ಕೂತು ಮಂತ್ರಗಳ ನಕಲು ತೆಗೆಯಬೇಕು, ಸಿಕ್ಕಿದ ಉಂಗುರದಲ್ಲಿ ಯಾವ ಮಾಯೆ ಇದೆ ಎಂದು ಪತ್ತೆ ಹಚ್ಚಬೇಕು, ಗಾಯಕ್ಕೆ ಔಷಧಿ ಕಾಯಿಸಬೇಕು. "ಅಜ್ಜಿ ಗಾಡೀಲಿ ಸುಮ್ನೆ ತಾನೇ ಕೂತಿರ್ತಾಳೆ" ಎಂದದ್ದು ಅನಂತನೇ. ಹೋದ ಸಲದ ಪ್ರಯಾಣದಲ್ಲಿ ಗೌತಮಿ ಎಲ್ಲದಕ್ಕೂ "ಆಯ್ತು" ಅಂದಳು. ವಸುಧೇಂದ್ರನದೊಂದು ನಿಯಮವಿತ್ತು: ನಿದ್ದೆಗೆಟ್ಟ ಮಂತ್ರವಾದಿಗೆ ಮರುದಿನ ಮಂತ್ರ ನೆನಪಿಗೆ ಬಾರದು. ಹೊಳೆ ದಾಟುವಾಗ ದರೋಡೆಕೋರರು ಬಿದ್ದರು. ಅಜ್ಜಿ ಕೈ ಎತ್ತಿದಳು, ಏನೂ ಬರಲಿಲ್ಲ. ಉಮಾಶಂಕರ್ ವರ್ಷಗಟ್ಟಲೆ ಆಡಿಸಿದ್ದ ಕಳ್ಳ ಸತ್ತೇಹೋದ.

"ಬೇಕಾದಾಗ ಮಂತ್ರ ಇಲ್ಲ ಅಂದ್ರೆ ಅಜ್ಜಿ ಇದ್ದೇನು ಪ್ರಯೋಜನ?" ಅಂದಿದ್ದ ಅನಂತ್. ಉಮಾಶಂಕರ್ ಬೇರೊಬ್ಬ ಕಳ್ಳನನ್ನು ಹುಟ್ಟಿಸಿಕೊಂಡ. ಗೌತಮಿಗೆ ಮಾತ್ರ ಆ ಮಾತು ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಈ ಭಾನುವಾರ ಅನಂತನ ಯೋಧನಿಗೆ ವಿಷದ ಬಾಣ ತಗುಲಿತ್ತು. ಕಾಡಿನಾಚೆಯ ಕೋಟೆಗೆ ಹೋಗಬೇಕು, ದಾರಿಯಲ್ಲೇ ಔಷಧಿ ಆಗಬೇಕು, ಕೋಟೆ ಬಾಗಿಲಲ್ಲಿ ರಾಕ್ಷಸ ಬೇರೆ. ಒಂದು ತಪ್ಪಿದರೂ ಒಬ್ಬರ ಪ್ರಾಣ ಹೋಗುವುದು ಖಂಡಿತ. ಅನಂತ್ ಬೆರಳು ಮಡಚತೊಡಗಿದ. ಅಜ್ಜಿ ಬೇರು ಹುಡುಕಲಿ, ಅರೆಯಲಿ, ಕಾಯಿಸಲಿ, ಹಾಗೇ ಆ ಉಂಗುರವನ್ನೂ ಒಂದಿಷ್ಟು ನೋಡಲಿ.

ಬೆಳಗಿನಿಂದ ಪರೀಕ್ಷೆಯ ಪೇಪರು ತಿದ್ದಿ ಗೌತಮಿಯ ಕಣ್ಣು ಎಳೆಯುತ್ತಿತ್ತು.

"ಅಕ್ಕಾ, ದಾರೀಲಿ ಅಜ್ಜಿ ಏನು ಮಾಡ್ತಾಳೆ?" ಎಂದು ಕೇಳಿದ ವಸುಧೇಂದ್ರ.

"ಮಲಗ್ತಾಳೆ."

"ಮಲಗ್ತಾಳಾ? ಮತ್ತೆ ನನ್ನ ಔಷಧಿ?" ಅನಂತ್ ಕೂಗಿದ.

"ಬೇರು ಅರೆಯೋಕೆ ಮಂತ್ರ ಯಾಕ್ರೀ? ನಿಮಗೆ ಕೈ ಇದೆಯಲ್ಲ."

ವಸುಧೇಂದ್ರ ತಲೆ ಕೆರೆದುಕೊಂಡ. ಅಜ್ಜಿ ಮಲಗಬಾರದು ಎನ್ನುವ ನಿಯಮ ಯಾವುದೂ ಇರಲಿಲ್ಲ. ಇಷ್ಟು ದಿನ ಯಾರೂ ಕೇಳಿರಲಿಲ್ಲ, ಅಷ್ಟೆ.

"ಸರಿ ಕಣಕ್ಕಾ, ಸೌದೆ ನಾ ತತ್ತೀನಿ. ನೀನು ಮನಿಕ್ಕೊ" ಎಂದ ಉಮಾಶಂಕರ್. ಒಬ್ಬ ಕಳ್ಳನನ್ನು ಕಳೆದುಕೊಂಡವನಿಗೆ ನಿದ್ದೆಯ ಬೆಲೆ ಗೊತ್ತಿತ್ತು.

ಹೀಗೆ ಯೋಧ ಬೇರು ಅರೆದ, ಕಳ್ಳ ಒಲೆ ಉರಿಸಿದ. ಅಜ್ಜಿ ಮಲಗುವ ಮುಂಚೆ ಗಡಿಗೆಯ ಮೇಲೆ ಕೈಯಿಟ್ಟು ಒಂದೇ ಒಂದು ಮಂತ್ರ ಹೇಳಿದಳು, ಔಷಧಿ ಕುಡಿದ ಯೋಧನ ವಿಷ ಇಳಿಯಿತು. ಕೋಟೆ ಬಾಗಿಲಲ್ಲಿ ರಾಕ್ಷಸ ಬಾಯಿ ತೆರೆದ. ನಿದ್ದೆ ಮುಗಿಸಿ ಎದ್ದಿದ್ದ ಅಜ್ಜಿ ಕೈ ಎತ್ತಿದಳು, ಗೌತಮಿ ದಾಳ ಉರುಳಿಸಿದಳು. ರಾಕ್ಷಸ ನಿಂತಲ್ಲೇ ಬೂದಿಯಾದ. ಅನಂತ್ ಕುರ್ಚಿಯಿಂದ ಎಗರಿ ಚಪ್ಪಾಳೆ ತಟ್ಟಿದ.

"ನೋಡಿದ್ರಾ! ಅಜ್ಜಿಗೆ ನಿದ್ದೆ ಬಿಟ್ಟುಕೊಟ್ರೆ ಹೆಂಗೆ ಕೆಲಸ ಆಗುತ್ತೆ!" ಎಂದ, ಅದನ್ನು ತಾನೇ ಕಂಡುಹಿಡಿದವನಂತೆ. ಗೌತಮಿ ಬಹಳ ದಿನಗಳ ಮೇಲೆ ಮನಸಾರೆ ನಕ್ಕಳು.

ಆಟ ಮುಗಿದು ವಸುಧೇಂದ್ರನೂ ಉಮಾಶಂಕರನೂ ಹೊರಟರು. ಮೇಜಿನ ಮೇಲೆ ಕಾಫಿ ಲೋಟಗಳು ಉಳಿದವು. ಅನಂತ್ ಕುರ್ಚಿ ಸರಿಸುತ್ತಾ ಪೇಪರಿನ ಕಟ್ಟು ನೋಡಿದ.

"ನಾಳೆ ಮಾರ್ಕ್ಸ್ ಕೊಡಬೇಕಲ್ವಾ? ಉಳಿದಿದ್ದು ಬಸ್ಸಲ್ಲಿ ತಿದ್ದಿಬಿಡು. ಸುಮ್ನೆ ತಾನೇ ಕೂತಿರ್ತೀಯ."

ಗೌತಮಿ ಅವನ ಮುಖ ನೋಡಿದಳು. ತಮಾಷೆ ಮಾಡುತ್ತಿದ್ದಾನೇನೋ ಅಂದುಕೊಂಡಳು. ತಮಾಷೆಯಾಗಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನ ಮುಖದಲ್ಲಿ ತಮಾಷೆಯ ಸುಳಿವಿರಲಿಲ್ಲ, ಈಗಷ್ಟೇ ಗೆಲ್ಲಿಸಿದ ಅಜ್ಜಿಯ ನೆನಪೂ ಇರಲಿಲ್ಲ. ಅವಳು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅಡುಗೆಮನೆಯ ಕಟ್ಟೆಯ ಮೇಲೆ ಅತ್ತೆ ಆಗಲೇ ಅವರೆಕಾಯಿ ಚೀಲಕ್ಕೆ ಗಂಟು ಹಾಕಿ ಇಟ್ಟಿದ್ದರು.

ಸೋಮವಾರ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಪೇಪರಿನ ಕಟ್ಟನ್ನೂ ಅವರೆಕಾಯಿ ಚೀಲವನ್ನೂ ಕಾಲ ಬಳಿ ಇಟ್ಟಳು. ಕೆಂಪು ಪೆನ್ನು ಬ್ಯಾಗಿನಿಂದ ತೆಗೆದವಳು ಅದನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು ಮತ್ತೆ ಒಳಗಿಟ್ಟಳು. ಬಸ್ಸು ಮತ್ತಿಗಿರಿ ದಾಟುವ ಮೊದಲೇ ಕಣ್ಣು ಮುಚ್ಚಿತು. ತಳಿಯಲ್ಲಿ ಕಂಡಕ್ಟರ್ "ಟೀಚರ್, ತಳಿ ವಂದಾಚು!" ಎಂದು ತಮಿಳಿನಲ್ಲಿ ಕೂಗಿ ಎಬ್ಬಿಸಬೇಕಾಯಿತು.

ಜಯರಾಮಯ್ಯ ಬಾಗಿಲಲ್ಲೇ ಎದುರಾದರು. "ಪೇಪರ್ ಎಲ್ಲಾ ಆಯ್ತಾ ಮೇಡಂ?"

"ಇಲ್ಲ ಸರ್, ಇನ್ನೂ ಉಳಿದಿದೆ."

"ಅಯ್ಯೋ, ಮತ್ತೆ ದಾರೀಲಿ ಏನು ಮಾಡಿದ್ರಿ?"

"ಮಲಗಿದ್ದೆ ಸರ್," ಎಂದಳು ಗೌತಮಿ. "ಒಂದು ಪೀರಿಯಡ್ ಬಿಡುವು ಕೊಡಿ, ಇಲ್ಲೇ ಕೂತು ತಿದ್ತೀನಿ."

ಜ್ವರವೆಂದಿದ್ದರೆ, ಬಸ್ಸು ಕೆಟ್ಟಿತೆಂದಿದ್ದರೆ ಅವರಿಗೆ ಏನಾದರೂ ಅನ್ನಲು ಬರುತ್ತಿತ್ತು. ಇದಕ್ಕೆ ಆಯ್ತು ಎಂದು ತಲೆಯಾಡಿಸಿದರು. ಅವರೆಕಾಯಿ ಚೀಲದ ಗಂಟನ್ನು ಗೌತಮಿ ಸಂಜೆ ವಾಪಸು ಬರುವ ಬಸ್ಸಿನಲ್ಲೂ ಬಿಚ್ಚಲಿಲ್ಲ.