ಮುನಿರಾಜಣ್ಣನ ಎರಡನೇ ಟ್ರೈನಿಂಗು

ಸುಬೇದಾರ್ ಮುನಿರಾಜಪ್ಪನವರು ಎಲ್ಲಿಗೇ ಆಗಲಿ, ಬೇಕಂತಲೇ ತಡವಾಗಿ ಬರುತ್ತಿದ್ದರು. ಫೌಜಿನಲ್ಲಿ ತಲೆ ನರೆಸಿಕೊಂಡವರೊಬ್ಬರು ಹೀಗೆ ಮಾಡುವುದನ್ನು ನಾನಂತೂ ಎಲ್ಲೂ ಕಂಡಿರಲಿಲ್ಲ. ನಮ್ಮಂಥವರಿಗೆ ಹತ್ತು ಗಂಟೆ ಅಂದರೆ ಒಂಬತ್ತೂವರೆ. ಮದುವೆಗೆ ಓಲಗದವರಿಗಿಂತ ಮೊದಲೇ ಹೋಗಿ, ಛತ್ರದ ಬಾಗಿಲು ತೆಗೆಯುವುದನ್ನೇ ಕಾಯುವ ಜನ ನಾವು. ಇವರೋ, ಯಲಹಂಕದ ಮನೆಯಲ್ಲಿ ಬೂಟು ಹಾಕಿಕೊಂಡು ತಯಾರಾದ ಮೇಲೆ ಮತ್ತೆ ಕೂತು, ಒಂದು ಲೋಟ ಕಾಫಿ ಕುಡಿದೇ ಹೊರಡುತ್ತಿದ್ದರಂತೆ. "ಕಷ್ಟ ಆಗುತ್ತೆ ಕಣೋ, ಕಾಲು ಬಾಗಿಲ ಕಡೆ ಎಳೀತದೆ. ಆದ್ರೂ ಕೂತ್ಕೋತೀನಿ. ಇದೂ ಒಂದು ಪೆರೇಡೇ," ಅನ್ನುತ್ತಿದ್ದರು.

ನಾನು ಹವಾಲ್ದಾರನಾಗಿ ಪೆನ್ಷನ್ ಮೇಲೆ ಬಂದು ಗಂಗಾನಗರದಲ್ಲಿ ಬಾಡಿಗೆ ಮನೆ ಹಿಡಿದ ಹೊಸತು. ಯಲಹಂಕದ ಕಡೆಯ ಕೆಲವು ಮಾಜಿ ಸೈನಿಕರು ತಮ್ಮತಮ್ಮಲ್ಲೇ ಒಂದು ಏರ್ಪಾಡು ಮಾಡಿಕೊಂಡಿದ್ದರು. ಹೊಸದಾಗಿ ಊರಿಗೆ ಬಂದವನ ಜೊತೆಗೆ ಹಳಬನೊಬ್ಬನನ್ನು ಹಾಕುವುದು, ಅವನು ಇವನನ್ನು ಊರಿನ ಬದುಕಿಗೆ ಹೊಂದಿಸುವುದು. ನನ್ನ ಪಾಲಿಗೆ ಬಂದವರು ಇವರು. ಮೊದಲ ದಿನ ನಾನು ನೆಟ್ಟಗೆ ನಿಂತು "ರಾಮ್ ರಾಮ್ ಸಾಬ್" ಅಂದೆ. "ಸಾಬು ಗೀಬು ಎಲ್ಲ ಯೂನಿಟ್ ಗೇಟಲ್ಲೇ ಬಿಟ್ಟು ಬಂದೆ ಕಣಪ್ಪ. ಅಣ್ಣ ಅನ್ನು, ಸಾಕು," ಅಂದರು. ಕುಳ್ಳಗೆ ದುಂಡಗಿದ್ದ ಮನುಷ್ಯ. ಅವರ ಮೀಸೆಗೆ ಮಾತ್ರ ಇನ್ನೂ ಸರ್ವಿಸ್ಸು ಮುಗಿದಿರಲಿಲ್ಲ.

ಅವರ ಪಾಠಗಳೇ ವಿಚಿತ್ರ. ಒಂದು ಬೆಳಿಗ್ಗೆ ನನ್ನನ್ನು ಯಶವಂತಪುರದ ಮಾರ್ಕೆಟ್ ಯಾರ್ಡಿಗೆ ಕರೆದುಕೊಂಡು ಹೋಗಿ, "ಹೋಗು, ಒಂದು ಚೀಲ ಈರುಳ್ಳಿ ತಗೊಂಬಾ. ಗಂಟಲು ಏರಿಸ್ಬಾರ್ದು, ಯಾರ್ಗೂ ಆರ್ಡರ್ ಕೊಡ್ಬಾರ್ದು," ಅಂದರು. ಅಬ್ಬಬ್ಬಾ! ಮೂಟೆ ಹೊತ್ತ ಹಮಾಲಿಯೊಬ್ಬ "ಸೈಡು, ಸೈಡು" ಅಂತ ನನ್ನನ್ನು ತಳ್ಳಿಕೊಂಡೇ ಹೋದ. ಮಂಡಿಯವನು ನನ್ನ ಕಡೆ ತಿರುಗಿಯೂ ನೋಡದೆ ಫೋನಿನಲ್ಲಿ ಮಾತಾಡುತ್ತಿದ್ದ. ನನ್ನ ಹಿಂದೆ ಬಂದವರೆಲ್ಲ ಕೊಂಡುಕೊಂಡು ಹೋದರು. ಮೈಯೆಲ್ಲ ಉರಿದುಹೋಗಿ, "ಏಯ್, ಎಲ್ಲ ಲೈನಲ್ಲಿ ನಿಲ್ರೋ!" ಅಂತ ಕೂಗಿಯೇಬಿಟ್ಟೆ. "ಯಾರ್ ಗುರು ನೀನು, ಇನ್ಸ್‌ಪೆಕ್ಟ್ರಾ?" ಅಂದ ಹಮಾಲಿ. ಸುತ್ತ ಇದ್ದವರೆಲ್ಲ ನಕ್ಕರು. ಮುನಿರಾಜಣ್ಣನಂತೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಬೇಜಾರ್ ಮಾಡ್ಕೋಬೇಡ. ನಾನು ಬಂದ ಹೊಸದ್ರಲ್ಲಿ ಬಸ್ ಕಂಡಕ್ಟ್ರಿಗೆ ಅಂಗಿ ಗುಂಡಿ ಹಾಕ್ಕೋ ಅಂತ ಗದರಿದ್ದೆ. ನನ್ನನ್ನ ಅರ್ಧ ದಾರೀಲಿ, ಹೆಬ್ಬಾಳದಲ್ಲೇ ಇಳಿಸಿ ಹೋದ," ಅಂದರು. ಈರುಳ್ಳಿಯನ್ನು ಕೊನೆಗೆ ಅವರೇ ಕೊಂಡರು.

ಅಂಥ ನಗುವಿನ ಮನುಷ್ಯ ನಗು ನಿಲ್ಲಿಸಿದ್ದನ್ನು ನಾನು ಮೊದಲು ಕಂಡದ್ದು ನಮ್ಮ ಮನೆಯಲ್ಲಿ. ಆಗ ನಾನು ಮನೆಯನ್ನು ಬ್ಯಾರಕ್ಕಿನ ಹಾಗೆ ಇಟ್ಟಿದ್ದೆ. ಭಾನುವಾರ ಬಂದರೆ ಇನ್ಸ್‌ಪೆಕ್ಷನ್. ಹೊದಿಕೆಯ ಮಡಿಕೆ ಸರಿಯಿಲ್ಲದಿದ್ದರೆ, ಟ್ರೈನಿಂಗಿನಲ್ಲಿ ನಮ್ಮ ಉಸ್ತಾದರು ನಮಗೆ ಮಾಡುತ್ತಿದ್ದಂತೆಯೇ, ಹಾಸಿಗೆಯನ್ನೇ ಮಗುಚಿ ಹಾಕುತ್ತಿದ್ದೆ. ಪಿಯುಸಿ ಓದುತ್ತಿದ್ದ ಮಗಳು ಚೈತ್ರಾ ತುಟಿ ಬಿಚ್ಚದೆ ಮತ್ತೆ ಮಡಿಸುತ್ತಿದ್ದಳು. ಮುನಿರಾಜಣ್ಣ ಊಟಕ್ಕೆ ಬಂದ ದಿನ ನಾನು ನಡುಮನೆಗೆ ಕಾಲಿಟ್ಟಿದ್ದೇ ತಡ, ಅವಳು ಪುಸ್ತಕ ಬಿಟ್ಟು ಸಟ್ಟನೆ ಎದ್ದು, ಕೈ ಹಿಂದೆ ಕಟ್ಟಿಕೊಂಡು ನಿಂತಳು. ನನಗೋ ಹೆಮ್ಮೆಯೋ ಹೆಮ್ಮೆ. "ನೋಡಿದ್ರಾಣ್ಣ, ನನ್ ಮಗಳ ಡಿಸಿಪ್ಲೀನು?" ಅಂದೆ. ಮುದ್ದೆ ಮುರಿದ ಅವರ ಕೈ ತಟ್ಟೆಯಲ್ಲೇ ನಿಂತಿತ್ತು. ನನ್ನ ಹೆಂಡತಿ ಸುಧಾ ಗಾಬರಿಯಾಗಿ, "ಸಾರು ಚೆನ್ನಾಗಿಲ್ವಾ ಅಣ್ಣ?" ಅಂತ ಕೇಳಿದಳು.

ಹೊರಡುವಾಗ ಗೇಟಿನ ಹತ್ತಿರ ನನ್ನ ತೋಳು ಹಿಡಿದುಕೊಂಡರು. "ಅದು ಡಿಸಿಪ್ಲೀನ್ ಅಲ್ಲ ಕಣೋ. ಆ ಹುಡ್ಗಿಗೆ ನಿನ್ನ ಕಂಡ್ರೆ ಭಯ. ಇನ್ನೆರಡು ವರ್ಷ ಹಿಂಗೇ ಮಾಡಿದ್ರೆ ಅವ್ಳು ನಿನ್ ಕೈಗೆ ಸಿಗಲ್ಲ. ಇವತ್ತಿಂದ ಅವ್ಳ ರೂಮಿಗೆ ಕಾಲಿಡ್ಬೇಡ. ಅವ್ಳೇ ಬಾ ಅಂದ್ರೆ ಹೋಗು."

"ನಮ್ಮನೇಲಿ ನಾನು ಪರ್ಮಿಷನ್ ಕೇಳ್ಬೇಕಾ?"

"ಹೂಂ. ಕೇಳ್ಬೇಕು."

ಇವರದ್ಯಾಕೋ ಅತಿಯಾಯಿತು ಅಂತ ಸಿಟ್ಟು ಬಂತು. ಆದರೆ ಸುಬೇದಾರರ ಮಾತು ಮೀರುವುದು ನನ್ನ ಮೈಗೇ ಗೊತ್ತಿರಲಿಲ್ಲ. ಅದೊಂದು ಒಳ್ಳೆಯದಾಯಿತು.

ತಿಂಗಳುಗಟ್ಟಲೆ ಅವಳ ಬಾಗಿಲಾಚೆಯೇ ಓಡಾಡಿದೆ. ಒಳಗೆ ಕುರ್ಚಿಯ ಮೇಲೆ ಬಟ್ಟೆಯ ರಾಶಿ, ಮಂಚದ ಕೆಳಗೆ ಚಪ್ಪಲಿ. ನೋಡಿದರೆ ಜೀವ ಹೋದಂತಾಗುತ್ತಿತ್ತು. ಅವಳು ಒಳಗೆ ಕರೆಯಲೂ ಇಲ್ಲ, ಮಾತಾಡಲೂ ಇಲ್ಲ. ಸುಧಾಳನ್ನು ಕೇಳಿದರೆ, "ಇಷ್ಟು ವರ್ಷ ರಜಕ್ಕೆ ಬರೋ ನೆಂಟ್ರ ಥರ ಬಂದ್ರಿ, ಈಗ ಸಾಹೇಬ್ರ ಥರ ಬಂದಿದ್ದೀರ. ಅವ್ಳಿಗೂ ಟೈಮ್ ಬೇಕಲ್ವೇನ್ರೀ?" ಅಂದಳು. ಹೀಗಿರುವಾಗ ಒಂದು ಸಂಜೆ ನಾನು ಟೀವಿಯಲ್ಲಿ ನ್ಯೂಸು ಜೋರಾಗಿ ಹಾಕಿಕೊಂಡು ಕೂತಿದ್ದೆ. ರೂಮಿನಿಂದ ದನಿ ಬಂತು. "ಅಪ್ಪಾ, ಅದನ್ನ ಆಫ್ ಮಾಡ್ತೀಯಾ? ನಾಳೆ ಟೆಸ್ಟಿದೆ ನಂಗೆ! ಈ ಮನೇಲಿ ನೀನೊಬ್ನೇ ಇರೋದಾ?"

ಎಲ್ಲಿಲ್ಲದ ಕೋಪ ಬಂತು. ಹೊರಗೆ ಬಂದು ಮುನಿರಾಜಣ್ಣನಿಗೆ ಫೋನು ಮಾಡಿದೆ. "ನೋಡಿ ನಿಮ್ಮ ಟ್ರೈನಿಂಗು! ನನಗೇ ಎದುರು ಮಾತಾಡ್ತಾಳೆ!" "ನಿಜ್ವಾಗ್ಲೂ ಬೈದ್ಲಾ? ಏನಂದ್ಲು, ಇನ್ನೊಂದ್ಸಲ ಹೇಳು," ಅಂದರು. ಮರುದಿನ ಮೈಸೂರು ಪಾಕಿನ ಡಬ್ಬಿ ಹಿಡಿದುಕೊಂಡು ಬಂದು, ನನ್ನನ್ನು ಕ್ಯಾರೇ ಅನ್ನದೆ, ಅದನ್ನು ಚೈತ್ರಾಳ ಕೈಗೇ ಕೊಟ್ಟರು. ಪಾಪ, ಅವಳಿಗೆ ಯಾಕೆಂದೇ ತಿಳಿಯಲಿಲ್ಲ.

ಮುನಿರಾಜಣ್ಣ ಈಗಿಲ್ಲ. ಹೃದಯ ಕೈಕೊಟ್ಟಿತ್ತು. ಅವರು ಆಸ್ಪತ್ರೆಯಿಂದ ಬಂದ ಮೇಲೆ ಮಾತಾಡಿಸಲು ಯಲಹಂಕಕ್ಕೆ ಹೋದದ್ದೇ ನಮ್ಮ ಕೊನೆಯ ಭೇಟಿ. ಅಷ್ಟು ಒಡನಾಡಿಯೂ ಅವರು ನನ್ನನ್ನು ಒಮ್ಮೆಯೂ ಮನೆಗೆ ಕರೆದಿರಲಿಲ್ಲ ಅನ್ನುವುದು ಅವರ ಬಾಗಿಲಲ್ಲಿ ನಿಂತಾಗಲೇ ನನಗೆ ಹೊಳೆದದ್ದು.

"ಚೈತ್ರಾ ಜಗಳ ಆಡ್ತಾಳಾ?" ಅಂತ ಕೇಳಿದರು.

"ದಿನಾ ಅಣ್ಣ. ನಿನ್ನೆ ನನ್ ಸ್ಕೂಟರ್ ಕೀ ಕಿತ್ಕೊಂಡು ಹೋದ್ಲು."

ಕಣ್ಣು ಮುಚ್ಚಿಕೊಂಡೇ ನಕ್ಕರು. ಅಷ್ಟರಲ್ಲಿ ಅವರ ಮಗ ಮಾತ್ರೆ, ನೀರು ತಂದ. ಮೂವತ್ತು ದಾಟಿದವನು; ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. ಮಾತ್ರೆ ನುಂಗಿಸಿ, ಲೋಟ ಇಸಿದುಕೊಂಡು, ಹಿಂದೆ ಸರಿದು ಗೋಡೆಯ ಪಕ್ಕ ನೆಟ್ಟಗೆ ನಿಂತ. ಮಂಚದ ಹತ್ತಿರ ಇನ್ನೊಂದು ಕುರ್ಚಿ ಖಾಲಿಯೇ ಇತ್ತು.

"ಕೂತ್ಕೋ ಮಗಾ," ಅಂದರು ಮುನಿರಾಜಣ್ಣ. ಅವರು ಅಷ್ಟು ಮೆತ್ತಗೆ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

"ಪರ್ವಾಗಿಲ್ಲಪ್ಪ," ಅಂದ. ನಿಂತೇ ಇದ್ದ.

ಅವನು ಹೊರಗೆ ಹೋದ ಮೇಲೆಯೂ ಅವರು ನನ್ನ ಮುಖ ನೋಡಲಿಲ್ಲ. ಆ ಕುರ್ಚಿಯನ್ನೇ ನೋಡುತ್ತ, "ನಂಗೆ ಆಗ ಯಾರೂ ಹೇಳ್ಲಿಲ್ಲ ಕಣೋ," ಅಂದರು.