ಅರಬ್ಬಿ ಸಮುದ್ರದ ಬಿರುಗಾಳಿ ಮತ್ತು ನನ್ನ ತೀರ್ಥಹಳ್ಳಿ ಪ್ರಯಾಣ

ಸಾಗರದಿಂದ ಹೊಸನಗರದ ಬಸ್ಸು ಸೋಮವಾರ ಬೆಳಿಗ್ಗೆ ಎಂಟೂವರೆಗೆ ಹೊರಡಬೇಕಿತ್ತು, ಹೊರಟದ್ದು ಒಂಬತ್ತೂಕಾಲಿಗೆ. ಹೊಸ ಪೈಸೆ ಬಂದು ತಿಂಗಳು ಕಳೆದಿತ್ತಷ್ಟೆ. ಆಣೆಯನ್ನು ಪೈಸೆಗೆ ತಿರುಗಿಸುವ ಗೊಂದಲದಲ್ಲಿ ಕಂಡಕ್ಟರು ಇಡೀ ಬಸ್ಸಿನೊಡನೆ ಜಗಳಕ್ಕೆ ನಿಂತಿದ್ದ. ನಾನು ಹೈಸ್ಕೂಲಿನಲ್ಲಿ ಭೂಗೋಳ ಹೇಳುವ ಮೇಷ್ಟ್ರು, ಸುಮ್ಮನಿರುವ ಜಾತಿಯಲ್ಲ. ನಡುವೆ ಬಾಯಿ ಹಾಕಿ ತಿದ್ದಲು ಹೋದೆ. "ಪಾಠ ಶಾಲೇಲಿ ಮಾಡಿ ಸಾರ್, ಇಲ್ಲಿ ಟಿಕೆಟ್ ತಗೊಂಡು ಕೂತ್ಕಳಿ" ಎಂದ. ಬಸ್ಸೆಲ್ಲ ನಕ್ಕಿತು. ನಾನೂ ಕೂತೆ.

ಬೇಸಿಗೆ ರಜೆಯಲ್ಲಿ ನಾನು ಮನೆ ಬಿಟ್ಟು ಹೊರಡಲು ಕಾರಣವಿತ್ತು. ಶನಿವಾರ ತೀರ್ಥಹಳ್ಳಿಯಿಂದ ತಂಗಿ ಪದ್ಮಳ ಕಾಗದ ಬಂದಿತ್ತು. ಅವಳ ಗಂಡ ಧರಣೇಂದ್ರ ಬೊಂಬಾಯಿಗೂ ಅರಬರ ಕರಾವಳಿಯ ಏಡನ್ನಿಗೂ ಓಡಾಡುವ ಸರಕು ಹಡಗಿನಲ್ಲಿ ವಯರ್‌ಲೆಸ್ ಆಪರೇಟರು. ಅವನನ್ನು ಆ ಕೆಲಸಕ್ಕೆ ಹುರಿದುಂಬಿಸಿ ಕಳಿಸಿದವನು ನಾನೇ. "ಈಗ ಸಮುದ್ರದ ಗಾಳಿ ಮಳೆಯನ್ನೆಲ್ಲ ಮೊದಲೇ ಹೇಳುತ್ತಾರಮ್ಮ, ನಮ್ಮ ಘಟ್ಟದ ಬಸ್ಸಿಗಿಂತ ಹಡಗೇ ವಾಸಿ" ಎಂದು ಅವನ ತಾಯಿ ವಿಜಯಮ್ಮನವರಿಗೆ ಮಾತು ಕೊಟ್ಟಿದ್ದೆ. ಅಂದಿನಿಂದ ಒಂದು ವರ್ಷ ಆಕೆ ನನ್ನೊಡನೆ ನೆಟ್ಟಗೆ ಮಾತಾಡಿಲ್ಲ. ಈಗ ಮೇ ತಿಂಗಳಲ್ಲಿ, ಮಳೆಗಾಲ ಹೊಸ್ತಿಲಲ್ಲಿರುವಾಗ ಮಗ ಮತ್ತೆ ಹೊರಟಿದ್ದಾನೆಂದು ತಿಳಿದು ಹಟ ಹಿಡಿದಿದ್ದರು. ಅವರಿಗೆ ಬರೆಯಲು ಬಾರದು. ಪದ್ಮ ಬರೆಯಲು ಒಪ್ಪಲಿಲ್ಲ. "ಕಳಿಸಿದವರೇ ಬರ್ಲಿ. ಕೆಲಸ ಬಿಟ್ಟು ಬಾ ಅಂತ ಅವರ ಕೈಯಲ್ಲೇ ಬರೀಲಿ" ಎಂದಿದ್ದರಂತೆ. ಧರಣೇಂದ್ರ ತಾಯಿಯ ಮಾತು ಮೀರುವವನಲ್ಲ. ಆ ಕಾಗದ ಹೋದರೆ ಅವನ ಕೆಲಸವೂ ಹೋದಂತೆಯೇ.

ಮಾತಿನಲ್ಲಿ ಅವರನ್ನು ಒಪ್ಪಿಸುತ್ತೇನೆಂಬ ಧೈರ್ಯ ನನಗಿತ್ತು. ಆದರೆ ಭಾನುವಾರ ಸಂಜೆ ರೇಡಿಯೋದ ಇಂಗ್ಲಿಷ್ ಹವಾ ವರದಿಯಲ್ಲಿ ಅರಬ್ಬಿ ಸಮುದ್ರದಲ್ಲಿ ಬಿರುಗಾಳಿ ಎದ್ದಿರುವ ಸುದ್ದಿ ಬಂತು: ಹನ್ನೆರಡು ಡಿಗ್ರಿ ಉತ್ತರ, ಅರವತ್ತೊಂಬತ್ತು ಡಿಗ್ರಿ ಪೂರ್ವ. ಧರಣೇಂದ್ರನ ಹಡಗು ಬೊಂಬಾಯಿ ಬಿಡುವುದೂ ಅದೇ ಸಂಜೆ. ಶಾಲೆಯ ಅಟ್ಲಾಸು ತೆಗೆದು ಬೊಂಬಾಯಿಯಿಂದ ಏಡನ್ನಿಗೆ ಅಡಿಕೋಲಿಟ್ಟು ಗೀಟು ಎಳೆದೆ. ಗಾಳಿ ಗೀಟಿನಿಂದ ಬಹಳ ಕೆಳಗಿತ್ತು. ಸರಿ, ಅಟ್ಲಾಸು ತೋರಿಸಿಯೇ ವಿಜಯಮ್ಮನವರ ಭಯ ಬಿಡಿಸುತ್ತೇನೆ ಎಂದು ಅದನ್ನೂ ಚೀಲಕ್ಕೆ ಹಾಕಿಕೊಂಡೆ.

ಬಟ್ಟೆಮಲ್ಲಪ್ಪದಲ್ಲಿ ಎಂಜಿನ್ನಿಗೆ ನೀರು ಹಾಕಿಸಿಕೊಂಡು ಬಸ್ಸು ಹೊಸನಗರ ಮುಟ್ಟಿದಾಗ ಹನ್ನೊಂದೂವರೆ. ಕೆಂಪು ಧೂಳಿನಲ್ಲಿ ನನ್ನ ಬಿಳಿ ಪಂಚೆ ಕಾವಿಯಾಗಿತ್ತು. ತೀರ್ಥಹಳ್ಳಿಯ ಬಸ್ಸು ಮರುದಿನವೇ. ಹಳೆಯ ಗೆಳೆಯರಾದ ಅಲ್ಲಿನ ಹೆಡ್‌ಮಾಸ್ತರರ ಮನೆಯಲ್ಲಿ ಊಟ ಮಾಡಿ, ಸಂಜೆ ಅವರ ಶಾಲೆಯ ಜಗಲಿಯಲ್ಲಿದ್ದ ಊರ ರೇಡಿಯೋ ಮುಂದೆ ಕೂತೆ. ಇಪ್ಪತ್ತು ಮಂದಿ ರೈತರು ಮೊದಲೇ ಕೂತಿದ್ದರು. ನಾನು ಮುಳ್ಳು ತಿರುಗಿಸಿ ಇಂಗ್ಲಿಷ್ ವರದಿ ಹಿಡಿದದ್ದೇ ತಡ, ತೋಟದ ಹೆಗಡೆಯವರೊಬ್ಬರು ರೇಗಿದರು.

"ಎಂತ ಮಾರಾಯ್ರೆ ಇದು! ಎಂಗೊಕ್ಕೆ ಸಮುದ್ರ ಎಂತಕ್ಕೆ? ಮಳೆ ಬತ್ತೋ ಇಲ್ಯೋ, ಅಷ್ಟು ಹೇಳಿ ಸಾಕು."

"ನನ್ನ ತಂಗಿ ಗಂಡ ಅಲ್ಲಿದಾನೆ ಹೆಗಡೇರೆ, ಹಡಗಿನಲ್ಲಿ" ಎಂದೆ.

ಹೆಗಡೆಯವರು ತಕ್ಷಣ ತಣ್ಣಗಾದರು. "ಹೌದನೋ! ಹಂಗಾರೆ ಕೇಳಿ, ಕೇಳಿ. ಏಯ್, ಎಲ್ಲ ಬಾಯಿ ಮುಚ್ಚಿ!" ಎಂದು ತಾವೇ ಎಲ್ಲರಿಗೂ ಗದರಿಸಿದರು. ಗಾಳಿ ಹದಿನಾಲ್ಕು ಡಿಗ್ರಿಗೆ ಏರಿತ್ತು, ವಾಯವ್ಯಕ್ಕೆ ಸಾಗುತ್ತಿತ್ತು. ಅಟ್ಲಾಸಿನಲ್ಲಿ ಗುರುತು ಮಾಡಿದೆ. ಗೀಟಿಗೆ ಹತ್ತಿರವಾಗುತ್ತಿದ್ದುದು ಕಂಡಿತಾದರೂ ಹಡಗು ಅಷ್ಟರಲ್ಲಿ ದಾಟಿಕೊಂಡೀತು ಎಂದು ನನಗೆ ನಾನೇ ಹೇಳಿಕೊಂಡೆ.

ಮಂಗಳವಾರ ಬೆಳಿಗ್ಗೆ ಅವಲಕ್ಕಿ ಮೊಸರು ತಿಂದು ಬಸ್ಸು ಹತ್ತಿದೆ. ರಿಪ್ಪನ್‌ಪೇಟೆ ದಾಟಿ ಮೂರು ಮೈಲಿಯಲ್ಲಿ ಹಿಂದಿನ ಸಂಜೆಯ ಗುಡುಗುಮಳೆಗೆ ದೊಡ್ಡ ಮತ್ತಿಮರ ರಸ್ತೆಗೆ ಅಡ್ಡ ಬಿದ್ದಿತ್ತು. ಗರಗಸ ಬರುವವರೆಗೆ ಎರಡು ಗಂಟೆ ಕಾದೆವು. ಬೇರೆ ದಾರಿಯೇ ಇಲ್ಲವೇ ಎಂದು ಕೂಗಾಡಿದೆ. "ಇದ್ರೆ ನಾನ್ಯಾಕೆ ಇಲ್ಲಿ ಬೀಡಿ ಸೇದ್ತಾ ಕೂರ್ತಿದ್ದೆ ಸಾರ್?" ಎಂದ ಡ್ರೈವರು. ಕೋಣಂದೂರಿನಲ್ಲಿ ಎರಡು ಬನ್ಸು, ಒಂದು ಕಾಫಿ. ತೀರ್ಥಹಳ್ಳಿ ತಲುಪಿದಾಗ ಮೂರು ಗಂಟೆ.

ಪದ್ಮಳ ಮನೆ ಪೇಟೆಬೀದಿಯಲ್ಲೇ. ವಿಜಯಮ್ಮ ಬಾಗಿಲಲ್ಲಿ ನಿಂತಿದ್ದರು. "ಬಂದ್ರಾ ಮೇಷ್ಟ್ರೇ. ಪೆನ್ನು ತಂದೀರಾ?"

"ಪೆನ್ನಿಗಿಂತ ದೊಡ್ಡದು ತಂದಿದೀನಮ್ಮ" ಎಂದು ಅಟ್ಲಾಸು ಬಿಚ್ಚಿದೆ. ಅವರಿಗೆ ಕಣ್ಣು ಮಂಜು; ಅಷ್ಟು ಸಣ್ಣ ಗೆರೆಗಳು ಕಾಣಲಿಲ್ಲ. ಆಗ ಪದ್ಮ ರಂಗೋಲಿ ಬಟ್ಟಲು ತಂದು, ನಡುಮನೆಯ ನೆಲದ ಮೇಲೆ ಸಾಲು ಸಾಲು ಚುಕ್ಕಿಯಿಟ್ಟಳು. ಚುಕ್ಕಿಗೊಂದು ಡಿಗ್ರಿ, ಅಂದರೆ ಸುಮಾರು ಎಪ್ಪತ್ತು ಮೈಲಿ. ಬಾಗಿಲ ಕಡೆ ಬೊಂಬಾಯಿ, ಗೋಡೆಯ ಕಡೆ ಏಡನ್. ಹಡಗಿಗೆ ಒಂದು ಅಡಿಕೆ, ಗಾಳಿಗೆ ಒಂದು ಇದ್ದಿಲು ಚೂರು. ಕ್ಲಾಸಿನಲ್ಲಿ ನಿಂತಷ್ಟೇ ಹುಮ್ಮಸ್ಸಿನಿಂದ ಶುರು ಮಾಡಿದೆ. ಭಾನುವಾರ ಹಡಗು ಇಲ್ಲಿ, ಗಾಳಿ ಅಲ್ಲಿ. ಸೋಮವಾರ ಹಡಗು ಐದು ಚುಕ್ಕಿ ಮುಂದೆ, ಗಾಳಿ ಎರಡು ಚುಕ್ಕಿ ಮೇಲೆ. ಮಂಗಳವಾರ ಸಂಜೆ ಹಡಗು ಮತ್ತೆ ಐದು ಚುಕ್ಕಿ, ಗಾಳಿಯೂ ಅದೇ ವೇಗದಲ್ಲಿ ವಾಯವ್ಯಕ್ಕೆ ಸಾಗಿದರೆ...

ಇದ್ದಿಲು ಅಡಿಕೆಯ ಪಕ್ಕಕ್ಕೇ ಬಂದು ಕೂತಿತು. ನನ್ನ ಕೈ ಅಲ್ಲೇ ನಿಂತಿತು. ಮಂಗಳವಾರ ಸಂಜೆ ಎಂದರೆ ಇವತ್ತೇ, ಇನ್ನು ಮೂರು ಗಂಟೆಯಲ್ಲಿ.

"ಮುಳುಗಿಸಿಬಿಟ್ರಲ್ಲ ಮೇಷ್ಟ್ರೇ" ಎಂದರು ವಿಜಯಮ್ಮ. ದನಿ ಏರಿಸಲೂ ಇಲ್ಲ. "ಹಡಗೇ ವಾಸಿ ಅಂದಿದ್ರಿ."

ಧೈರ್ಯ ಹೇಳಲು ಬಂದವನು ನನ್ನ ಕೈಯಾರೆ ಆ ತಾಯಿಯೆದುರು ಮಗನನ್ನು ಬಿರುಗಾಳಿಗೆ ಕೊಟ್ಟಿದ್ದೆ. ಪದ್ಮ ಮಾತ್ರ ಸೊಂಟಕ್ಕೆ ಸೆರಗು ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂತು ಅಡಿಕೆಯನ್ನೇ ನೋಡುತ್ತಿದ್ದಳು.

"ಅಣ್ಣಾ, ಸಮುದ್ರದಲ್ಲಿ ರಸ್ತೆ ಇದ್ಯಾ?" ಎಂದಳು. "ನೀನು ಗೀಟು ಎಳೆದೆ ಅಂತ ಹಡಗು ಅದರ ಮೇಲೇ ಹೋಗ್ಬೇಕಾ? ನಿಲ್ಬೋದು, ಹಿಂದೆ ತಿರುಗ್ಬೋದು. ಗಾಳಿ ಸುದ್ದಿ ನಿನಗೆ ಹೊಸನಗರದಲ್ಲಿ ಸಿಗೋ ಮೊದ್ಲೇ ನಮ್ಮನೆಯವರ ಕಿವಿಗೆ ಬಿದ್ದಿರುತ್ತೆ. ಅದನ್ನ ಕೇಳಿ ಬರ್ಕೊಂಡು ಕ್ಯಾಪ್ಟನ್‌ಗೆ ಕೊಡೋದೇ ಅವರ ಕೆಲಸ ಅಲ್ವಾ?" ಹೀಗೆಂದು ಅಡಿಕೆಯನ್ನು ಮೂರು ಚುಕ್ಕಿ ಹಿಂದಕ್ಕೆ, ಬಾಗಿಲ ಕಡೆಗೆ ಸರಿಸಿದಳು. ಇದ್ದಿಲು ಮುಂದೆ ಒಂಟಿಯಾಗಿ ಉಳಿಯಿತು.

ಇಪ್ಪತ್ತು ವರ್ಷ ಭೂಗೋಳ ಹೇಳಿದ ನನಗೆ ಇದು ಹೊಳೆಯಲಿಲ್ಲ! ಹುಟ್ಟಿದಾಗಿನಿಂದ ಒಂದೇ ದಾರಿಯ ಊರುಗಳಲ್ಲಿ ಓಡಾಡಿ, ಅರಬ್ಬಿ ಸಮುದ್ರಕ್ಕೂ ಒಂದು ಮೋಟಾರು ರಸ್ತೆ ಹಾಕಿಬಿಟ್ಟಿದ್ದೆ. ತಂಗಿಯ ತಲೆ ನೇವರಿಸಬೇಕೆನಿಸಿತು.

"ಅವನು ಕೇಳಿಸ್ಕೊಂಡಿರದೆ ಹೋಗಿದ್ರೆ?" ಎಂದರು ವಿಜಯಮ್ಮ. ಆಮೇಲೆ ಆಕೆಯೇ ತೀರ್ಮಾನ ಹೇಳಿದರು: "ಏಡನ್ನಿಂದ ತಂತಿ ಬರೋ ತನಕ ಇಲ್ಲೇ ಇರಿ. ತಂತಿ ಬಂದ್ಮೇಲೂ ಕಾಗದ ಬರೀಲೇಬೇಕು. ತಂತಿನೇ ಬರದೇ ಇದ್ರೆ..." ಎಂದು ನಿಲ್ಲಿಸಿದರು.

ಜೈನರ ಮನೆ, ಸೂರ್ಯ ಮುಳುಗುವ ಮೊದಲೇ ಊಟ ಮುಗಿಯಬೇಕು. ಆ ಸಂಜೆ ಬಡಿಸಿದ ತಟ್ಟೆ ಬಿಟ್ಟು ವಿಜಯಮ್ಮ ನಮ್ಮೊಡನೆ ಕಾಫಿ ಹೋಟೆಲಿನ ರೇಡಿಯೋಗೆ ಬಂದರು. ಹೋಟೆಲಿನ ಮೆಟ್ಟಿಲು ತುಳಿದದ್ದು ಬದುಕಿನಲ್ಲಿ ಅದೇ ಮೊದಲಂತೆ. ತೀವ್ರ ಬಿರುಗಾಳಿ, ಹದಿನಾರೂವರೆ ಡಿಗ್ರಿ ಉತ್ತರ, ಅರವತ್ತಮೂರು ಪೂರ್ವ. ನಾನು ಇದ್ದಿಲು ಇಟ್ಟಿದ್ದ ಜಾಗವೇ. ಅದನ್ನೇ ಕನ್ನಡದಲ್ಲಿ ವಿಜಯಮ್ಮನವರಿಗೆ ಹೇಳಿದೆ. ಆಕೆ ತಲೆಯಾಡಿಸಿ ಎದ್ದರು. ಹೊರಗೆ ಕತ್ತಲಾಗಿತ್ತು, ಮನೆಗೆ ಬಂದು ನೀರನ್ನೂ ಮುಟ್ಟಲಿಲ್ಲ.

ಬುಧವಾರ ಗಾಳಿ ಅರಬರ ಕರಾವಳಿಯ ಕಡೆ ಹೋಯಿತು, ಶುಕ್ರವಾರ ಸತ್ತಿತು. ಹಡಗಿನ ಸುದ್ದಿ ಯಾರೂ ಹೇಳಲಿಲ್ಲ. ಶನಿವಾರ ಏಡನ್ ಮುಟ್ಟಬೇಕಿತ್ತು. ತಂತಿ ಕಚೇರಿಗೆ ಮೂರು ಸಲ ಹೋದೆ. ಮೂರನೆಯ ಸಲ ಗುಮಾಸ್ತರು ನನ್ನನ್ನು ಕಂಡು ದೂರದಿಂದಲೇ ಕೈಯಾಡಿಸಿದರು. ತುಂಗೆಯ ಸೇತುವೆ ಮೇಲೆ ನಿಂತು, ಯಾರೂ ನೋಡದಂತೆ ಅತ್ತೆ. ಆ ಹುಡುಗನಿಗೆ ಸಮುದ್ರ ತೋರಿಸಿದವನು ನಾನು. ಪದ್ಮ ದಿನವೂ ನೆಲ ಸಾರಿಸುವಾಗ ಚುಕ್ಕಿಗಳನ್ನು ಬಿಟ್ಟು ಸುತ್ತ ಸಾರಿಸುತ್ತಿದ್ದಳು. ಅಡಿಕೆಯನ್ನು ಒಂದೊಂದೇ ಚುಕ್ಕಿ ಮುಂದೆ ತಳ್ಳುತ್ತಿದ್ದಳು.

ಸೋಮವಾರ ಮಧ್ಯಾಹ್ನ ತಂತಿ ಬಂತು. "ಏಡನ್ ತಲುಪಿದೆ. ಕ್ಷೇಮ. ಬಿರುಗಾಳಿ ದಾಟಿ ಹೋಗಲು ಬಿಟ್ಟು ಎರಡು ದಿನ ತಡ. ಧರಣೇಂದ್ರ." ಬೀದಿಯಿಂದಲೇ ಕೂಗುತ್ತ ಓಡಿ ಬಂದೆ. ಅಷ್ಟು ದಿನ ಕಲ್ಲಿನಂತಿದ್ದ ಪದ್ಮ ಚುಕ್ಕಿಗಳ ಮೇಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅವಳ ಸೀರೆಗೆಲ್ಲ ಸಮುದ್ರ ಮೆತ್ತಿಕೊಂಡಿತು.

ವಿಜಯಮ್ಮ ತಂತಿಯನ್ನು ಎರಡು ಸಲ ಓದಿಸಿದರು. ಆಮೇಲೆ ಒಳಗಿನಿಂದ ಕಾಗದ, ಮಸಿಕುಡಿಕೆ ತಂದು ನನ್ನ ಮುಂದಿಟ್ಟರು.

"ಬರೀರಿ ಮೇಷ್ಟ್ರೇ."

ನಾನು ವಾದ ಮಾಡಲಿಲ್ಲ. ಆ ಆರು ದಿನ ನೋಡಿದ ಮೇಲೆ ವಾದ ಮಾಡುವ ಮುಖ ನನಗಿರಲಿಲ್ಲ. ಊರಿನ ಹೆಸರು ಬರೆದು, ಆಶೀರ್ವಾದ ಬರೆದು, ಕೆಲಸ ಬಿಡುವ ಮಾತಿಗಾಗಿ ಕಾದೆ. ಆಕೆ ಗೋಡೆಗೆ ಒರಗಿ, ಒಂದೊಂದೇ ಮಾತು ಆರಿಸಿ ಹೇಳಿದರು. ಹೇಳಿದ್ದನ್ನು ಹೇಳಿದಂತೆಯೇ ಬರೆದು, ಮರುದಿನ ಊರಿಗೆ ಹೊರಡುವ ಮುಂಚೆ ನಾನೇ ಅಂಚೆಗೆ ಹಾಕಿದೆ:

"ಮಗಾ, ನೀನು ಕೇಳಿಸ್ಕೊಂಡೆ, ಎಲ್ರೂ ಉಳಿದ್ರು. ಆ ಹಡಗಲ್ಲಿ ಬೇರೆ ತಾಯಂದಿರ ಮಕ್ಕಳೂ ಇದಾರೆ. ನಾನು ಬಾ ಅನ್ನಲ್ಲ. ಕಿವಿ ಕೊಟ್ಟು ಕೂತಿರು."